ಮಗುವಿನ ವಯಸ್ಸು ಕೇಳಿದರೆ ಬೇಜಾರಾಗಬೇಡಿ

ಮೂಡಿಗೆರೆಯ ನಮ್ಮ ಮೆಡಿಕಲ್‌ಗೆ ಬರುವ ಎಲ್ಲರಿಗೂ ನಮಸ್ಕಾರ.

ಮಳೆ ಹಿಡಿದರೆ ನಮ್ಮ ಕೌಂಟರಿನಲ್ಲಿ ಶೀತ, ಕೆಮ್ಮಿನದೇ ಮಾತು. "ಮಗುವಿಗೆ ಒಂದು ಕೆಮ್ಮಿನ ಸಿರಪ್ ಕೊಡಿ" ಅಂತ ನೀವು ಕೇಳುತ್ತಿದ್ದಿರಿ, ನಾವು ಕಪಾಟಿನಿಂದ ತೆಗೆದು ಕೊಡುತ್ತಿದ್ದೆವು. ಯಾವ ಮಗು, ಎಷ್ಟು ವಯಸ್ಸು ಅಂತ ಎಷ್ಟೋ ಸಲ ಕೇಳಿದ್ದೇ ಇಲ್ಲ. ಅದು ನಮ್ಮದೇ ತಪ್ಪು. ಇನ್ನು ಮೊದಲು ವಯಸ್ಸು ಕೇಳುತ್ತೇವೆ. ಐದು ವರ್ಷದೊಳಗಿನ ಮಗುವಿಗೆ ಡಾಕ್ಟರ್ ಚೀಟಿ ಇಲ್ಲದೆ ಶೀತ, ಕೆಮ್ಮಿನ ಸಿರಪ್ ಇಲ್ಲ. ಎರಡರೊಳಗಿನ ಮಗುವಿಗೆ ಕೊಡುವುದೇ ಇಲ್ಲ.

ಹೋದ ವಾರ ಒಬ್ಬರು ಅಜ್ಜಿ ಇದೇ ವಿಷಯಕ್ಕೆ ಚೆನ್ನಾಗಿ ಬೈದು ಹೋದರು. "ನಿಮ್ಮಪ್ಪ ಇದ್ದಾಗಿಂದ ಇಲ್ಲೇ ತಗೊಂಡಿದ್ದೀನಿ. ಇವತ್ತೇನಪ್ಪಾ ಹೊಸ ಕಾನೂನು?" ಕೇಳಿದ್ದು ನ್ಯಾಯವೇ. ಅದಕ್ಕೇ ಈ ಪತ್ರ.

ಮಕ್ಕಳ ಶೀತದ ಎಷ್ಟೋ ಔಷಧಿಗಳಲ್ಲಿ ಸೀನು, ಸೋರುವ ಮೂಗಿಗೆ ಕ್ಲೋರ್‌ಫೆನಿರಮೈನ್, ಕಟ್ಟಿದ ಮೂಗಿಗೆ ಫಿನೈಲೆಫ್ರಿನ್, ಎರಡೂ ಇರುತ್ತವೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಈ ಜೋಡಿ ಔಷಧಿಯನ್ನು ಕೊಡಬಾರದು ಅಂತ ಲೇಬಲ್ ಮೇಲೆ ಅಚ್ಚು ಹಾಕಿ ಎಂದು 2023ರ ಡಿಸೆಂಬರಿನಲ್ಲೇ ಕೇಂದ್ರದ ಔಷಧ ನಿಯಂತ್ರಕರು ಕಂಪನಿಗಳಿಗೆ ಹೇಳಿದ್ದರು. ಅಚ್ಚು ಹಾಕಿದ್ದಾರೆ, ಇಲ್ಲ ಅಂತಲ್ಲ. ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರ. ನಾನೇ ಕನ್ನಡಕ ಏರಿಸಿ, ಬಾಟಲಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ಓದಬೇಕು. ಅಜ್ಜಿ ಎಲ್ಲಿಂದ ಓದಬೇಕು?

ಆಮೇಲೆ 2025ರಲ್ಲಿ ಮಧ್ಯಪ್ರದೇಶದ ಛಿಂದವಾಡದ ಸುದ್ದಿ ನೀವೂ ಟಿವಿಯಲ್ಲಿ ನೋಡಿರುತ್ತೀರಿ. ಕೆಮ್ಮಿನ ಸಿರಪ್ ಕುಡಿದ ಪುಟ್ಟ ಮಕ್ಕಳು ಕಿಡ್ನಿ ಕೆಟ್ಟು ತೀರಿಹೋದರು. ಸಿರಪ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಸಿಕ್ಕಿತು. ಅಕ್ಟೋಬರ್ 3ರಂದು ಕೇಂದ್ರ ಆರೋಗ್ಯ ಇಲಾಖೆಯಿಂದ ಸೂಚನೆ ಬಂತು: ಎರಡು ವರ್ಷದೊಳಗೆ ಬೇಡವೇ ಬೇಡ, ಐದರೊಳಗೆ ಸಾಮಾನ್ಯವಾಗಿ ಬೇಡ. ನಮ್ಮ ಲೆಕ್ಕ ಅಲ್ಲಿಂದಲೇ ಬಂದಿದ್ದು. ಆದರೆ ಅಲ್ಲಿ ಸಿರಪ್ ಬರೆದುಕೊಟ್ಟಿದ್ದೂ ಡಾಕ್ಟರೇ ಅಲ್ವಾ? ಹಾಗಾಗಿ ಚೀಟಿ ಒಂದಿದ್ದರೆ ಸಾಲದು. ಯಾವುದೋ ಸಿರಪ್ ಕೆಟ್ಟಿದೆ ಅಂತ ಸುದ್ದಿ ಬಂದರೆ ನಿಮ್ಮ ಬಾಟಲಿಯೂ ಅದೇ ತಯಾರಿಕೆಯದಾ ಅಂತ ನೋಡಲು ಬ್ಯಾಚ್ ನಂಬರ್ ಹಾಕಿದ ಬಿಲ್ ಕೇಳಿ ತಗೊಳ್ಳಿ, ಬಾಟಲಿ ಖಾಲಿಯಾಗುವವರೆಗೆ ಆ ಬಿಲ್ ಬಿಸಾಡಬೇಡಿ.

ಚೀಟಿಯ ಬಗ್ಗೆಯೂ ಒಂದು ಮಾತು. ಒಬ್ಬರು ಎರಡು ವರ್ಷದ ಹಿಂದಿನ ಚೀಟಿಗೆ ಲ್ಯಾಮಿನೇಷನ್ ಮಾಡಿಸಿಕೊಂಡು ಬಂದಿದ್ದರು. ಜೋಪಾನ ಮಾಡಿದ್ದು ನೋಡಿ ಖುಷಿಯೇ ಆಯಿತು, ಆದರೆ ಅದು ನಡೆಯುವುದಿಲ್ಲ. "ಮತ್ತೆ ಕೊಡಬಹುದು" ಅಂತ ಡಾಕ್ಟರೇ ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧಿ. ಕೊಟ್ಟ ಮೇಲೆ ನಾವು ಸೀಲು ಒತ್ತಿ ತಾರೀಕು ಹಾಕುತ್ತೇವೆ. ಲ್ಯಾಮಿನೇಷನ್ ಮೇಲೆ ಸೀಲು ಕೂರುವುದೂ ಇಲ್ಲ ಬಿಡಿ.

ಕೆಲವು ಕೆಮ್ಮಿನ ಸಿರಪ್‌ನಲ್ಲಿರುವ ಕೊಡೀನ್‌ನಂಥ ಚಟ ಹಿಡಿಸುವ ಔಷಧಿಗೆ 2014ರಿಂದಲೇ ಬೇರೆ ರಿಜಿಸ್ಟರ್ ಇದೆ. ಡಾಕ್ಟರ್ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆವು, ಎಲ್ಲ ಬರೆದು ಮೂರು ವರ್ಷ ಇಡಬೇಕು. ಹೆಸರು ಕೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಅಮೆರಿಕದಲ್ಲಿ ಮೂಗು ಕಟ್ಟಿದ್ದಕ್ಕೆ ಕೊಡುವ ಸೂಡೋಎಫೆಡ್ರಿನ್ ಮಾತ್ರೆಗೇ 2006ರಿಂದ ಗುರುತಿನ ಚೀಟಿ ತೋರಿಸಿ ಸಹಿ ಹಾಕಬೇಕು. ಒಬ್ಬರಿಗೆ ದಿನಕ್ಕೆ 3.6 ಗ್ರಾಂ ಮೇಲೆ ಮಾರುವಂತಿಲ್ಲ. ಅದರಿಂದ ಮೆತ್ ಎಂಬ ಮಾದಕ ವಸ್ತು ತಯಾರಿಸುತ್ತಾರೆ ಅಂತ ಈ ಕಾವಲು. ಅದಕ್ಕೆ ಹೋಲಿಸಿದರೆ ನಮ್ಮದು ಸಲೀಸು.

ತೋಟದ ಲೆಕ್ಕ ನೋಡುವ ರೈಟರುಗಳೇ, ಸಂತೆ ದಿನ ಲೈನ್ ಮನೆಯ ಕೂಲಿಯವರಿಗೆಂದು ಹತ್ತು ಬಾಟಲಿ ಸಿರಪ್ ಒಟ್ಟಿಗೆ ಕಟ್ಟಿಕೊಡುತ್ತಿದ್ದುದನ್ನೂ ನಿಲ್ಲಿಸಿದ್ದೇವೆ. ದೊಡ್ಡವರ ಔಷಧಿಯನ್ನೇ ಮುಚ್ಚಳದಲ್ಲಿ ಅಳೆದು ಮಕ್ಕಳಿಗೂ ಕುಡಿಸುತ್ತಾರೆ ಅಂತ ಗೊತ್ತಾದ ಮೇಲೆ ಕೈ ಬರಲಿಲ್ಲ. ಬಹುತೇಕ ಶೀತದ ಮಾತ್ರೆಗಳಲ್ಲಿ ಜ್ವರದ ಔಷಧಿಯಾದ ಪ್ಯಾರಾಸಿಟಮಾಲ್ ಇರುತ್ತದೆ. ಅದರ ಜೊತೆ ಜ್ವರದ ಮಾತ್ರೆಯನ್ನೂ ನುಂಗಿದರೆ ಡಬಲ್ ಆಗುತ್ತದೆ, ಲಿವರ್‌ಗೆ ಪೆಟ್ಟು. ಇದನ್ನು ಅವರಿಗೆ ನೀವೇ ಹೇಳಬೇಕು.

ಮಗು ಏದುಸಿರು ಬಿಡುತ್ತಿದ್ದರೆ, ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿದ್ದರೆ ನಮ್ಮ ಅಂಗಡಿಗೆ ಬರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಅಜ್ಜಿ, ಮೊಮ್ಮಗನ ಮೂಗಿಗೆ ಹಾಕುವ ಉಪ್ಪುನೀರಿನ ಹನಿ ಒಂದು ತೆಗೆದಿಟ್ಟಿದ್ದೇನೆ. ಅದಕ್ಕೆ ಚೀಟಿ ಬೇಡ.