ಬ್ರಹ್ಮರಾಕ್ಷಸನನ್ನು ಇಷ್ಟು ಬೇಗ ಸುಡಬೇಡ

ಪ್ರೀತಿಯ ತಂಗಿ,

ನಿನ್ನ ಕಾದಂಬರಿ ಓದಿ ಮುಗಿಸಿದೆ. ಜೊತೆಗಿದ್ದ ಕಾಗದವನ್ನೂ ಓದಿದೆ. ರಾಕ್ಷಸರ ಕತೆ ಮಕ್ಕಳಿಗೆ ಸರಿ, ದೊಡ್ಡವರು ಓದುವುದಿಲ್ಲ ಎಂದು ಯಾರೋ ವಾಪಸ್ ಕಳಿಸಿದರಂತೆ. ಇನ್ನು ಬರೆಯುವುದೇ ಬೇಡ ಅನ್ನಿಸಿದೆಯಂತೆ. ನಿನ್ನ ವಯಸ್ಸಿನಲ್ಲಿ ನನಗೂ ಇದೇ ಮಾತು ಹೇಳಿದವರಿದ್ದರು. ಆ ಸಿಟ್ಟು ಇನ್ನೂ ಹೋಗಿಲ್ಲ. ಯಕ್ಷಗಾನದಲ್ಲಿ ನಿದ್ದೆಗೆಟ್ಟು ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸನ ಪಾತ್ರಕ್ಕೆ, ಕಾಯುವವರೆಲ್ಲ ಮಕ್ಕಳಾ? ಅಂಥವರ ಮಾತಿಗೆ ಪೆನ್ನು ಕೆಳಗಿಡಬೇಡ.

ಕಾಗುಣಿತ, ಅಧ್ಯಾಯದ ಉದ್ದ, ಪ್ರಕಾಶಕರು, ಇದನ್ನೆಲ್ಲ ಬೇರೆ ಯಾರನ್ನಾದರೂ ಕೇಳು. ನನ್ನ ತಕರಾರು ಒಂದೇ. ನಿನ್ನ ಬಾವಿಯ ಬ್ರಹ್ಮರಾಕ್ಷಸ ಪೂಜಾರಿಯ ಮಗಳನ್ನು ಪ್ರೀತಿಸುತ್ತಾನೆ. ಅವಳು ನೀರು ಸೇದುವಾಗ ಹಗ್ಗ ಅಂಗೈ ಕೊಯ್ಯದಿರಲಿ ಅಂತ ಕೆಳಗಿನಿಂದ ಕೊಡವನ್ನು ಎತ್ತಿಕೊಡುತ್ತಾನಲ್ಲ, ಆ ಪುಟಕ್ಕೆ ನನ್ನ ಕಣ್ಣು ತುಂಬಿತು. ಅದರಲ್ಲಿ ಒಂದಕ್ಷರವನ್ನೂ ಮುಟ್ಟಬೇಡ. ಆದರೆ ಆಮೇಲೆ ಏನು ಮಾಡಿದೆ? ಅವಳು ಕಣ್ಣು ಮುಚ್ಚಿ ಮಂತ್ರ ಹೇಳಿದಳು, ಅವನು ಬೂದಿಯಾದ. ಮೂರೇ ಸಾಲು! ಜಿರಳೆಗೆ ಔಷಧಿ ಹೊಡೆದ ಹಾಗೆ ಭಕ್ತಿಯನ್ನು ಸಿಂಪಡಿಸಿಬಿಟ್ಟೆಯಲ್ಲ. ಇಷ್ಟು ಅಗ್ಗವಾಗಿ ಸಿಕ್ಕರೆ ಅದು ನಂಬಿಕೆಯಾ?

ಜನ್ನನ ‘ಯಶೋಧರ ಚರಿತೆ’ ಓದು. 1209ರ ಕಾವ್ಯ. ಹೆಂಡತಿ ಅಮೃತಮತಿ ಮಾವುತನೊಬ್ಬನ ಹಾಡಿಗೆ ಮನಸೋತಿದ್ದಾಳೆ. ರಾಜ ಯಶೋಧರ ಅದನ್ನು ಕಣ್ಣಾರೆ ನೋಡುತ್ತಾನೆ, ಆದರೆ ಕತ್ತಿ ಬೀಸುವುದಿಲ್ಲ. ತಾಯಿಗೆ ನಿಜ ಹೇಳಲಾರದೆ ಕೆಟ್ಟ ಕನಸು ಬಿತ್ತು ಅನ್ನುತ್ತಾನೆ. ದೇವಿಗೆ ಬಲಿ ಕೊಡು ಅನ್ನುತ್ತಾಳೆ ತಾಯಿ. ಜೀವ ತೆಗೆಯಲು ಇವನಿಗೆ ಮನಸ್ಸಿಲ್ಲ. ಕೊನೆಗೆ ಅವಳ ಮಾತು ಮೀರಲಾರದೆ ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ಆ ಕೋಳಿಯ ಅಂದಕ್ಕೆ ಸೋತ ಬೆಂತರವೊಂದು, ಅಂದರೆ ಒಂದು ಪಿಶಾಚಿ, ಅದರೊಳಗೆ ಹೊಕ್ಕಿರುತ್ತದೆ. ಕತ್ತಿ ಬಿದ್ದೊಡನೆ ಹಿಟ್ಟಿನ ಕೋಳಿ ಕೂಗುತ್ತದೆ.

ಅಷ್ಟೇ. ಬೆಂತರ ಕೋರೆಹಲ್ಲು ತೋರಿಸುವುದಿಲ್ಲ, ಯಾರನ್ನೂ ತಿನ್ನುವುದಿಲ್ಲ. ಆದರೆ ಕೊಲ್ಲುವ ಮನಸ್ಸು ಮಾಡಿದ್ದೇ ಕೊಲೆ ಅನ್ನುವುದು ಜನ್ನನ ಜೈನ ನಂಬಿಕೆ. ಆ ನಂಬಿಕೆ ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಮಗ ನವಿಲಾಗಿ, ತಾಯಿ ನಾಯಾಗಿ, ಇನ್ನೂ ಏನೇನೋ ಆಗಿ ಹುಟ್ಟಿ ಸಾಯುತ್ತಾರೆ. ತಾಯಿಯ ಮೇಲಿನ ಪ್ರೀತಿಗೆ ಮಣಿದದ್ದಕ್ಕೆ ಇಷ್ಟು ಬೆಲೆ. ನಾನು ಎಷ್ಟೋ ಸಲ ಓದಿದ್ದೇನೆ, ಆ ಕೂಗು ಬಂದಾಗ ಈಗಲೂ ಮೈ ಜುಂ ಅನ್ನುತ್ತದೆ.

ನಿನ್ನ ಹುಡುಗಿ ಏನು ಬೆಲೆ ಕೊಟ್ಟಳು, ಹೇಳು. ಅವನು ಸತ್ತ ಮರುದಿನ ಅವಳು ಅದೇ ಬಾವಿಗೆ ಹೋಗಬೇಕಲ್ವಾ? ಅದನ್ನು ನೀನು ಯೋಚಿಸಿಯೇ ಇಲ್ಲ. ಹೆದರಿ ಓಡಿಬಿಟ್ಟೆ, ನನಗೆ ಗೊತ್ತು. ದೇವರ ಬಗ್ಗೆ ಬರೆದರೆ ಯಾರು ಏನಂತಾರೋ ಅಂತ.

ಇನ್ನೊಂದು ಮಾತು. ಬ್ರಹ್ಮರಾಕ್ಷಸ ಅಂದರೆ ವೇದ ಓದಿಯೂ ಕೆಟ್ಟು ಸತ್ತವನು. ಆ ಮಂತ್ರ ಅವಳಿಗಿಂತ ಅವನಿಗೇ ಜಾಸ್ತಿ ಗೊತ್ತು. ಹೇಳುವಾಗ ಅವಳು ಒಂದು ಕಡೆ ತಪ್ಪಿದಳು ಅಂತಿಟ್ಟುಕೋ. ಸುಮ್ನೆ ಇದ್ದರೆ ಅವನು ಉಳಿಯುತ್ತಾನೆ. ತಿದ್ದಿದರೆ ಸುಟ್ಟುಹೋಗುತ್ತಾನೆ. ತಿದ್ದುತ್ತಾನಾ? ಅವಳಿಗಾಗಿಯಾ, ಮಂತ್ರದ ಮೇಲಿನ ಪ್ರೀತಿಗಾ? ನನಗೆ ಗೊತ್ತಿಲ್ಲ, ನೀನೇ ಹೇಳಬೇಕು. ದೀಪಾವಳಿಯೊಳಗೆ ಆ ಅಧ್ಯಾಯ ಬರೆದು ಕಳಿಸು.

ನಿನ್ನ,
ಅಣ್ಣ