ನಗರದ ನೂರು ಹುದ್ದೆಗೆ ಇನ್ನೂರು ಮಂದಿ

ಸಂಪಾದಕರೇ,

ಬೆಳೆಯುತ್ತಿರುವ ದೇಶಗಳಲ್ಲಿ ನಿರುದ್ಯೋಗಕ್ಕೆ ನಗರದಲ್ಲಿ ಹುದ್ದೆ ಹೆಚ್ಚಿಸುವುದೇ ಮದ್ದು ಎಂದು ನಂಬಿದವರಿದ್ದಾರೆ. ಹ್ಯಾರಿಸ್ ಮತ್ತು ಟೊಡಾರೊ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲೇ ಇದರ ತೊಡಕು ತೋರಿಸಿದ್ದರು. ಊರು ಬಿಡುವವರು ನಗರದ ಕೂಲಿಯನ್ನು ಕೆಲಸ ಸಿಗುವ ಸಾಧ್ಯತೆಯೊಂದಿಗೆ ತೂಗಿ ನೋಡುತ್ತಾರೆ. ಹಳ್ಳಿಗಿಂತ ದುಪ್ಪಟ್ಟು ಕೂಲಿಯಿದ್ದರೆ, ಇಬ್ಬರಲ್ಲಿ ಒಬ್ಬರಿಗೆ ಕೆಲಸ ಸಿಕ್ಕರೂ ಲೆಕ್ಕ ಸರಿಹೋಗುತ್ತದೆ. ಹಾಗಾಗಿ ಹೊಸದಾಗಿ 100 ಹುದ್ದೆ ಬಂದರೆ 200 ಮಂದಿ ಬರುತ್ತಾರೆ, ನೂರು ಮಂದಿ ಬರಿಗೈಲಿ ಉಳಿಯುತ್ತಾರೆ!

ಹಾಗಾದರೆ ಹಳ್ಳಿಗಳನ್ನೇ ಸುಧಾರಿಸುವ ದಾರಿ ನೋಡಬೇಕು. ಅದೇ 1970ರಲ್ಲಿ ದಕ್ಷಿಣ ಕೊರಿಯಾ ಊರಿನ ಸಾರ್ವಜನಿಕ ಕೆಲಸಗಳಿಗೆಂದು ತನ್ನ ಹಳ್ಳಿಗಳಿಗೆ ತಲಾ 335 ಚೀಲ ಸಿಮೆಂಟ್ ಹಂಚಿತು. ಚೆನ್ನಾಗಿ ಬಳಸಿದ ಹಳ್ಳಿಗಳಿಗಷ್ಟೇ ಮುಂದಿನ ಕಂತು: 500 ಚೀಲ ಸಿಮೆಂಟ್, ಒಂದು ಟನ್ ಕಬ್ಬಿಣ. ವಲಸೆ ನಿಲ್ಲಲಿಲ್ಲ, ನಿಜ. ಆದರೆ ರಸ್ತೆ, ಸೇತುವೆಗಳಾದವು. ಕೆಲಸ ನೋಡಿ ಕಂತು ಬಿಡುವ ಆ ಕ್ರಮವನ್ನು ಗ್ರಾಮೀಣ ಅನುದಾನಗಳಿಗೂ ಅನ್ವಯಿಸಬೇಕು.

– ಓರ್ವ ಓದುಗ