ಮಣ್ಣಾಗ ಆಯಿಲ್ ಬಂದೈತಿ ಅಂದ್ಯಲ್ಲ, ಅದಕ್ಕ ಈ ಪತ್ರ

ಅಳಿಯಾ,

ಫೋನ್‌ನ್ಯಾಗ ಎಲ್ಲಾ ಹೇಳಾಕ ಆಗ್ಲಿಲ್ಲ, ಅದಕ್ಕ ಕೂತು ಬರಿಯಾಕತ್ತೀನಿ. ಹೊಸಪೇಟಿ ಕಡೆ ಸರ್ವಿಸ್ ರೋಡಿಗೆ ಅಂತ ಹಳೇ ಲಾರಿ ಗ್ಯಾರೇಜ್ ಜಾಗದಾಗ ಹಿಟಾಚಿ ಹಾಕಿದ್ರ ಕರ್ರಗಿನ ಜಿಡ್ಡು ಮಣ್ಣು, ಡೀಸೆಲ್ ವಾಸನಿ ಬಂತು ಅಂದಿ. ಬರದೇ ಏನ್ ಮಾಡ್ತೈತಪಾ, ಅದಿರಿನ ಲಾರಿ ಹಗಲೂ ರಾತ್ರಿ ಓಡಿದ ಕಾಲದಾಗ ಬಿಚ್ಚಿದ ಆಯಿಲ್ ಎಲ್ಲಾ ನೆಲಕ್ಕ ಹೋಗ್ತಿತ್ತು.

ಈಗ ರೊಕ್ಕದ ಮಾತು. ನಮ್ಮ ಕಡೆ ಎರೆಮಣ್ಣು ಬಂತು, ಖರ್ಚು ಜಾಸ್ತಿ ಆತು ಅಂತ ಕ್ಲೇಮ್ ಹಾಕಿದ್ರ ಯಾರೂ ಕೊಡಂಗಿಲ್ಲ, ಉಬ್ಬೋ ಮಣ್ಣು ಅನ್ನೋದು ಇಲ್ಲಿ ಹುಡುಗ್ರಿಗೂ ಗೊತ್ತು, ಫ್ರೀ ಸ್ವೆಲ್, ಅಂದ್ರ ಮಣ್ಣು ನೀರಾಗ ಉಬ್ಬೋ ಪ್ರಮಾಣ, 50 ಪರ್ಸೆಂಟ್ ದಾಟಿದ್ರ ರೋಡಿನ ಏರಿಗೆ ಹಾಕಬಾರ್ದು ಅಂತ ಸ್ಪೆಸಿಫಿಕೇಶನ್‌ದಾಗನೇ ಐತಿ, ಟೆಂಡರ್ ಹಾಕೋವಾಗ್ಲೇ ಲೆಕ್ಕ ಹಿಡೀಬೇಕಿತ್ತು ಅಂತಾರ. ಆದ್ರ ಬೋರ್ ಲಾಗ್‌ದಾಗ, ಅಂದ್ರ ಮೊದ್ಲ ನೆಲ ಕೊರದು ನೋಡಿ ಬರದ ಪಟ್ಟ್ಯಾಗ, ಇಲ್ಲದ ಆಯಿಲ್ ಬ್ಯಾರೆ ವಿಷಯ, ಅದಕ್ಕ ರೊಕ್ಕ ಕೇಳಾಕ ದಾರಿ ಇರ್ತೈತಿ. ಮೊದ್ಲ ನಿಮ್ಮ ಅಗ್ರಿಮೆಂಟ್ ತಗದು ಓದು. 1999ರ ಫಿಡಿಕ್ ಕಂಡೀಶನ್ (ಕಟ್ಟಡ-ರಸ್ತೆ ಕೆಲಸಕ್ಕ ಬಳಸೋ ಅಂತಾರಾಷ್ಟ್ರೀಯ ಕರಾರಿನ ನಮೂನಿ) ಇದ್ರ ಮೊದ್ಲ ಊಹಿಸಾಕ ಆಗದ ನೆಲದ ಸ್ಥಿತಿ ಬಗ್ಗೆ ಇರೋ 4.12ನೇ ಕಲಮು ನೋಡು, ಕ್ಲೇಮ್ ನೋಟಿಸ್ 28 ದಿನದೊಳಗ ಹೋಗ್ಬೇಕು, ತಪ್ಪಿದ್ರ ಮಣ್ಣು ಎಷ್ಟು ಕೆಟ್ಟಿದ್ರೂ ಹಕ್ಕು ಹೋದಂಗ. ಬ್ಯಾರೆ ಕರಾರು ಇದ್ರ ಅದರ ದಿನಾನೇ ಬ್ಯಾರೆ ಇರ್ತಾವು. ಬಾಯಿಮಾತಿಗೆ ನಂಬಬ್ಯಾಡ, ಸಾಹೇಬ್ರು ‘ನೋಡೋಣ’ ಅಂದಿದ್ದು ಬಿಲ್‌ನ್ಯಾಗ ಬರಂಗಿಲ್ಲ.

ನೋಟಿಸ್ ಹೋದ ಮ್ಯಾಲೆ ದಿನಾ ಬರದಿಡು: ಯಾವ ಚೈನೇಜ್ (ರೋಡ್ ಶುರುವಿನಿಂದ ಎಷ್ಟು ದೂರ), ಎಷ್ಟು ಆಳ, ಹಿಟಾಚಿ ಎಷ್ಟು ತಾಸು ಖಾಲಿ ನಿಂತು, ಟಿಪ್ಪರ್ ಎಷ್ಟು ಕಾದ್ವು. ಕನ್ಸಲ್ಟೆಂಟ್ ಕಡೆಯವ್ರ ಸೈನ್ ಅವತ್ತೇ ತಗೊ, ವಾರ ಬಿಟ್ಟು ಕೇಳಿದ್ರ ನಾ ನೋಡಿಲ್ಲ ಅಂತಾರ. ಸ್ಯಾಂಪಲ್ ಗಾಜಿನ ಬಾಟ್ಲ್ಯಾಗ ತುಂಬಿ ಬಾಯಿ ಬಿಗಿ ಮಾಡಿ ಐಸ್ ಡಬ್ಬ್ಯಾಗ ಇಟ್ಟು ಕಳ್ಸು, ಪ್ಲಾಸ್ಟಿಕ್ ಕವರ್‌ನ್ಯಾಗ ಹಾಕಿ ಬಿಸಿಲಾಗ ಬಿಟ್ರ ವಾಸನಿ ಹಾರಿ ಹೋಗಿ ರಿಪೋರ್ಟ್ ಚಲೋ ಬಂದುಬಿಡ್ತೈತಿ.

ಎಲ್ಲಕ್ಕಿಂತ ಮುಖ್ಯ, ಕೆಟ್ಟ ಮಣ್ಣನ್ನ ಒಳ್ಳೇ ಮಣ್ಣಿಗೆ ಕೂಡಿಸಬ್ಯಾಡ. ಕೂಡಿದ ಮ್ಯಾಲೆ ಇಡೀ ಗುಡ್ಡಿನೇ ಕೆಟ್ಟ ಲೆಕ್ಕಕ್ಕ ಬರ್ತೈತಿ. ದಪ್ಪ ತಾಡಪತ್ರಿ ಹಾಸಿ ಮ್ಯಾಲೂ ಒಂದು ಹೊದಿಸು, ಮಳಿ ಬಿದ್ರ ತೂಕ ಏರ್ತೈತಿ, ವಿಲೇವಾರಿ ದುಡ್ಡು ಟನ್ ಮ್ಯಾಲೆ. ಬಿಚ್ಚಿದ ಎಂಜಿನ್ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯದ ನಿಯಮದಾಗ ಬರ್ತೈತಿ, ಅದು ಕುಡದ ಮಣ್ಣಿಗೆ ಏನ್ ಮಾಡ್ಬೇಕು ಅಂತ ಮಾಲಿನ್ಯ ಮಂಡಳಿಯವ್ರನ್ನ ಲಿಖಿತದಾಗ ಕೇಳು. ಬೆಂಗಳೂರು ಕಡೆ ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯ ವಿಲೇವಾರಿ ಕೇಂದ್ರಕ್ಕ ಕಳಿಸ್ರಿ ಅಂದ್ರ, ಇಲ್ಲಿಂದ 250 ಕಿಲೋಮೀಟರ್ ಮ್ಯಾಲೇ ಆಗ್ತೈತಿ, ಮಣ್ಣಿಗಿಂತ ಬಾಡಿಗಿನೇ ಜಾಸ್ತಿ. ಅದಕ್ಕ ಎಷ್ಟು ಬೇಕೋ ಅಷ್ಟೇ ತೋಡು, ಅಂಚಿನಾಗ ಸ್ಯಾಂಪಲ್ ತಗೊಂಡು ಸ್ವಚ್ಛ ಬಂದಲ್ಲಿ ನಿಲ್ಲಿಸು.

ಇನ್ನೊಂದು, ಯಾರಾದ್ರೂ ರೈತ್ರು ಬಂದು ‘ಸಾಹೇಬ್ರ, ಬದುವಿಗೆ ಎರಡು ಟಿಪ್ಪರ್ ಹಾಕಿಸ್ರಿ’ ಅಂತಾರ, ಕೊಡಬ್ಯಾಡ. ನಿಮ್ಮ ಸಬ್ ಕಂಟ್ರಾಕ್ಟರ್ ರಾತ್ರಿ ಹಳ್ಳಕ್ಕ ಸುರುವಿ ಬರ್ತೀನಿ ಅಂದ್ರೂ ಬ್ಯಾಡ, ಆ ಹಳ್ಳದ ನೀರು ಯಾರ ಗದ್ದಿಗೆ ಹೋಗ್ತೈತಿ ನಿನಗ ಗೊತ್ತು.

ಆ ಗುಂಡ್ಯಾಗ ಇಳಿಯೋ ಹುಡುಗ್ರಿಗೆ ಗ್ಲೌಸ್ ಕೊಡು, ಅಲ್ಲಿ ಬೀಡಿ ಹಚ್ಚಾಕ ಬಿಡಬ್ಯಾಡ. ನೋಟಿಸ್ ಕರಡು ವಾಟ್ಸಾಪ್‌ಗೆ ಹಾಕು, ಕಳ್ಸೋಕಿಂತ ಮೊದ್ಲು ಒಂದ್ಸಲ ನೋಡ್ತೀನಿ. ಅಕ್ಕಗ ಮಂಡಿನೋವು ಹೆಂಗೈತಿ ಅಂತ ಕೇಳಿದೆ ಅನ್ನು.

ನಿನ್ನ ಸೋದರಮಾವ